ಬರೀ ಓಡಿದರೆ ಎದೆ ಬಿಗಿಯುತ್ತದೆ, ಸೈಕಲ್ ಇಳಿದು ಓಡಿದರೆ ಇಲ್ಲ. ಯಾಕೆ?

ನೀಲಿಪಂಪು · 1ನೇ ವಾರ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಒಂಬತ್ತನೇ ವಯಸ್ಸಿನಿಂದ ಅಸ್ತಮಾ ಇದೆ. ಇನ್ನು ಹದಿನಾಲ್ಕು ವಾರಕ್ಕೆ ನನ್ನ ಮೊದಲ ಟ್ರಯಥ್ಲಾನ್. ಒಲಿಂಪಿಕ್ ದೂರ, ಅಂದರೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಈಜು ಚಿಕ್ಕಂದಿನಿಂದ ಬರುತ್ತದೆ. ಸೈಕಲ್ ಅಂದರೆ ಪ್ರಾಣ. ಓಟದ್ದೇ ಚಿಂತೆ.

ಮೊನ್ನೆ ಬೆಳಿಗ್ಗೆ 5 ಕಿ.ಮೀ. ಓಡಲು ಹೊರಟೆ. ಎಂಟನೇ ನಿಮಿಷಕ್ಕೆ ಶುರುವಾಯಿತು. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುವುದಕ್ಕೆ ಒಪ್ಪುವುದಿಲ್ಲ. ಶೂ ಲೇಸ್ ಕಟ್ಟುವ ನೆಪದಲ್ಲಿ ಬಗ್ಗಿದೆ. ಎದೆಯೊಳಗಿನ ಸಣ್ಣ ಸೀಟಿ ನನಗೇ ಕೇಳಿಸಿತು. ಎರಡು ಸಲ ಅಸ್ತಮಾ ಪಂಪ್ (ಇನ್ಹೇಲರ್) ಎಳೆದು, ನಡೆದುಕೊಂಡೇ ವಾಪಸ್ ಬಂದೆ. ಮನೆಗೆ ಬಂದ ಮೇಲೂ ಅರ್ಧ ಗಂಟೆ ಕೆಮ್ಮು ಬಿಡಲಿಲ್ಲ.

ಈಗ ನನಗೆ ಅರ್ಥವಾಗದ ವಿಷಯ ಹೇಳುತ್ತೇನೆ. ಭಾನುವಾರ 30 ಕಿ.ಮೀ. ಸೈಕಲ್ ತುಳಿದು, ಇಳಿದ ತಕ್ಷಣ 4 ಕಿ.ಮೀ. ಓಡಿದೆ. ಕಾಲು ಎರಡೂ ಕಲ್ಲಾಗಿದ್ದವು. ಆದರೆ ಉಸಿರು ಸಲೀಸಾಗಿತ್ತು. ಒಂದು ಸಲ ಅಲ್ಲ, ಮೂರು ವಾರದಿಂದ ಡೈರಿಯಲ್ಲಿ ಹೀಗೇ ಇದೆ. ದಣಿದು ಓಡಿದರೆ ಆರಾಮ, ಫ್ರೆಶ್ ಆಗಿ ಓಡಿದರೆ ಕಷ್ಟ. ತಿರುಗಾಮುರುಗಾ ಇರಬೇಕಿತ್ತು ಅಲ್ವಾ? ಯಾರಿಗಾದರೂ ಹೀಗಾಗಿದೆಯಾ?

ನಿಧಾನವಾಗಿ · 1ನೇ ವಾರ

ನನಗೂ ಹೀಗೇ. ನಾನು ಇದನ್ನು ಯಾರಿಗೂ ಹೇಳಿರಲಿಲ್ಲ, ನಂಬುವುದಿಲ್ಲ ಅಂದುಕೊಂಡಿದ್ದೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಹಳೇಸೈಕಲ್ · 1ನೇ ವಾರ

ನನ್ನ ಅನುಭವ ಹೇಳುತ್ತೇನೆ. ಪಂಪ್ ಅಭ್ಯಾಸ ಆಗಿಬಿಡುತ್ತದೆ. ಅದನ್ನು ಬಿಟ್ಟು, ಮೂಗಿನಲ್ಲಿ ಮಾತ್ರ ಉಸಿರಾಡಿಕೊಂಡು ನಿಧಾನಕ್ಕೆ ಓಡಿ. ಎರಡು ತಿಂಗಳಲ್ಲಿ ಶ್ವಾಸಕೋಶ ಗಟ್ಟಿಯಾಗುತ್ತದೆ.

ಮೂರನೇಸಲ · 1ನೇ ವಾರ

ಹಳೇಸೈಕಲ್ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಇದನ್ನು ಕೇಳಿ ಯಾರಾದರೂ ಪಂಪ್ ಮನೆಯಲ್ಲಿಟ್ಟು ಹೋದರೆ ಅಪಾಯ. ಅಸ್ತಮಾ ಅಂದರೆ ಶ್ವಾಸಕೋಶದ ಬಲ ಕಡಿಮೆ ಅಂತಲ್ಲ. ಗಾಳಿ ಹೋಗುವ ಕೊಳವೆಯ ಒಳಗೋಡೆ ಊದಿಕೊಂಡು, ಸುಮ್ನೆ ಸಣ್ಣಪುಟ್ಟದಕ್ಕೂ ಕೆರಳುತ್ತದೆ. ಅದು ಹಟದಿಂದ ಹೋಗುವ ಕಾಯಿಲೆ ಅಲ್ಲ. ಬ್ರಿಟನ್ನಿನ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್‌ಗೆ ಹದಿಹರೆಯದಿಂದಲೂ ಅಸ್ತಮಾ. ಅವರು ಔಷಧಿ ಬಿಟ್ಟಲ್ಲ, ಔಷಧಿ ಸರಿಯಾಗಿ ತೆಗೆದುಕೊಂಡೇ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿದರು. ಆಗ ಅದು ಮಹಿಳೆಯರ ವಿಶ್ವದಾಖಲೆ.

ಮೂಗಿನ ಮಾತು ನಿಧಾನದ ಓಟಕ್ಕೆ ಸರಿ. ಮೂಗು ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಕಳಿಸುತ್ತದೆ. ಆದರೆ ವೇಗ ಏರಿದರೆ ಅದು ಸಾಲುವುದಿಲ್ಲ.

ಈಗ ನೀಲಿಪಂಪು ಅವರ ಪ್ರಶ್ನೆಗೆ ಬರೋಣ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆಯುತ್ತೇವೆ. ಜೋರಾಗಿ ಓಡುವಾಗ ಅದು 100 ಲೀಟರ್ ದಾಟಬಹುದು. ಅಷ್ಟೂ ಗಾಳಿ ಬಾಯಿಂದ, ಒಣಗಾಳಿ. ಅದಕ್ಕೆ ತೇವ ಕೊಟ್ಟು ಕೊಟ್ಟು ಶ್ವಾಸನಾಳದ ಒಳಗೋಡೆಯೇ ಒಣಗುತ್ತದೆ. ಅಲ್ಲಿ ಉಳಿದ ತೆಳು ದ್ರವದಲ್ಲಿ ಉಪ್ಪಿನಂಶ ಏರುತ್ತದೆ. ಆಗ ಅಲ್ಲಿರುವ ಮಾಸ್ಟ್ ಕೋಶಗಳು (ಅಲರ್ಜಿಯಲ್ಲಿ ಕೆರಳುವ ರಕ್ಷಣಾ ಕೋಶಗಳು) ಹಿಸ್ಟಮಿನ್, ಲ್ಯೂಕೋಟ್ರೈನ್‌ನಂಥ ರಾಸಾಯನಿಕ ಹೊರಹಾಕುತ್ತವೆ. ಕೊಳವೆ ಸುತ್ತಲಿನ ಸ್ನಾಯು ಹಿಂಡಿಕೊಳ್ಳುತ್ತದೆ. ನಿಮಗೆ ಕೇಳಿಸಿದ ಸೀಟಿ ಅದೇ.

ಒಂದು ಸಲ ಹೀಗೆ ಕೆರಳಿದ ಮೇಲೆ ಸುಮಾರು ಅರ್ಧದಷ್ಟು ಮಂದಿಗೆ ಒಂದು ಬಿಡುವು ಸಿಗುತ್ತದೆ. ಒಂದರಿಂದ ಮೂರು ಗಂಟೆ ಹೊತ್ತು ಶ್ವಾಸನಾಳ ಅಷ್ಟು ಸುಲಭವಾಗಿ ಮತ್ತೆ ಹಿಂಡಿಕೊಳ್ಳುವುದಿಲ್ಲ. ನಿಮ್ಮ ಸೈಕಲ್ ಸವಾರಿ ಆ ಬಿಡುವನ್ನು ತೆರೆದುಕೊಟ್ಟಿದೆ ಅನಿಸುತ್ತದೆ. ಸೈಕಲ್ ಮೇಲೆ ವೇಗ ಮೆಲ್ಲಗೆ ಏರುತ್ತದೆ, ನಡುನಡುವೆ ಏರು ಬರುತ್ತದೆ, ಮತ್ತೆ ಇಳಿಜಾರು. ಒಂದು ಒಳ್ಳೆ ವಾರ್ಮ್‌ಅಪ್ ಹೇಗಿರಬೇಕೋ ಹಾಗೇ ಇದೆ. ಬರೀ ಓಟದ ದಿನ ನೀವು ಬಾಗಿಲು ಹಾಕಿದ್ದೇ ಓಡುತ್ತೀರಿ, ಅಲ್ವಾ?

ನಾನು ಮಾಡುವುದು ಹೀಗೆ. ಹತ್ತು ನಿಮಿಷ ನಡಿಗೆ ಮತ್ತು ಸಣ್ಣ ಓಟ, ಮಾತಾಡುವಷ್ಟು ಉಸಿರು ಇರಬೇಕು. ಆಮೇಲೆ 30 ಸೆಕೆಂಡು ಚುರುಕು ಓಟ, ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ನಡಿಗೆ. ಇದು ಆರರಿಂದ ಎಂಟು ಸಲ. ಐದು ನಿಮಿಷ ತಣ್ಣಗೆ ನಡೆದು, ಆಮೇಲೆ ಅಸಲಿ ಓಟ. ಮೊದಲ ವಾರ ಬೇಜಾರಾಗುತ್ತದೆ. 5 ಕಿ.ಮೀ. ಓಟಕ್ಕೆ 25 ನಿಮಿಷದ ತಯಾರಿಯಾ ಅನಿಸುತ್ತದೆ. ಆದರೂ ಬಿಡಬೇಡಿ.

ದಾದಿಓಟ · 1ನೇ ವಾರ

ನಾನು ನರ್ಸ್, ಓಟಗಾರ್ತಿಯೂ ಹೌದು. ವಾರ್ಮ್‌ಅಪ್ ಸರಿ, ಆದರೆ ಅದಕ್ಕಿಂತ ಮೊದಲು ಒಂದು ಪ್ರಶ್ನೆ. ನೀಲಿಪಂಪು ಅವರೇ, ವಾರಕ್ಕೆ ಎಷ್ಟು ಸಲ ನೀಲಿ ಪಂಪ್ ಎಳೆಯುತ್ತೀರಿ? ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್ಹೇಲರ್ ಇದೆಯಾ? ರಾತ್ರಿ ಕೆಮ್ಮಿಗೆ ಎಚ್ಚರ ಆಗುತ್ತದಾ?

ನೀಲಿಪಂಪು · 1ನೇ ವಾರ

ಸತ್ಯ ಹೇಳಿಬಿಡುತ್ತೇನೆ. ನೀಲಿ ಪಂಪ್ ವಾರಕ್ಕೆ ಐದಾರು ದಿನ, ಪ್ರತಿ ವ್ಯಾಯಾಮಕ್ಕೂ ಮೊದಲು ಎರಡು ಪಫ್. ಸ್ಟೀರಾಯ್ಡ್ ಇನ್ಹೇಲರ್ ಇತ್ತು, ಐದು ತಿಂಗಳ ಹಿಂದೆ ಬಿಟ್ಟೆ. ಚೆನ್ನಾಗಿದ್ದೆ, ಯಾಕೆ ಸುಮ್ನೆ ಅನಿಸಿತು. ರಾತ್ರಿ ವಾರಕ್ಕೆ ಒಂದೆರಡು ಸಲ ಎಚ್ಚರ ಆಗುತ್ತದೆ. ಅದನ್ನು ಧೂಳು ಅಂದುಕೊಂಡಿದ್ದೆ.

ದಾದಿಓಟ · 1ನೇ ವಾರ

ಹಾಗಾದರೆ ಓಟದ ಪ್ಲಾನ್ ಈ ವಾರ ಬದಿಗಿಡಿ, ಮೊದಲು ಡಾಕ್ಟರ್ ಹತ್ತಿರ ಹೋಗಿ. ನಿಮಗೆ ಓಡಿದಾಗ ಮಾತ್ರ ಬರುವ ತೊಂದರೆ ಇಲ್ಲ. ದಿನವಿಡೀ ಹದ ತಪ್ಪಿರುವ ಅಸ್ತಮಾ ಇದೆ, ಓಟ ಅದನ್ನು ಹೊರಗೆ ಎಳೆದು ತೋರಿಸುತ್ತಿದೆ ಅಷ್ಟೇ.

ನೀಲಿ ಪಂಪಿನ ಸಾಲ್ಬುಟಮಾಲ್ ಹಿಂಡಿದ ಸ್ನಾಯುವನ್ನು ಸಡಿಲಿಸುತ್ತದೆ, ಅದೂ ಕೆಲವು ಗಂಟೆ ಮಾತ್ರ. ಒಳಗಿನ ಊತವನ್ನು ಅದು ಮುಟ್ಟುವುದೇ ಇಲ್ಲ. ಊತ ಇಳಿಸುವುದು ಸ್ಟೀರಾಯ್ಡ್ ಇನ್ಹೇಲರ್, ಅದೂ ದಿನಗಳು, ವಾರಗಳು ತೆಗೆದುಕೊಂಡು. ಚೆನ್ನಾಗಿದ್ದೀರಿ ಅಂದರೆ ಅದು ಕೆಲಸ ಮಾಡುತ್ತಿತ್ತು ಅಂತ ಅರ್ಥ. ಇನ್ನೊಂದು ವಿಷಯ. ಸಾಲ್ಬುಟಮಾಲನ್ನು ದಿನಾ ಬಳಸಿದರೆ ವ್ಯಾಯಾಮಕ್ಕೆ ಅದು ಕೊಡುವ ರಕ್ಷಣೆಯೇ ಕುಗ್ಗುತ್ತದೆ. ನಿಮಗೆ ಬೇಕಾದ ದಿನವೇ ಅದು ಕೈಕೊಡಬಹುದು.

ಅಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ನೋಡುವ ಜೀನಾ ಮಾರ್ಗಸೂಚಿ 2019ರಿಂದ ದೊಡ್ಡವರಿಗೆ, ಹದಿಹರೆಯದವರಿಗೆ ಬರೀ ಸಾಲ್ಬುಟಮಾಲ್ ಮೇಲೆ ಇರಬೇಡಿ ಅನ್ನುತ್ತಿದೆ. ಸ್ಟೀರಾಯ್ಡ್ ಮತ್ತು ಫಾರ್ಮೊಟೆರಾಲ್ (ಸ್ನಾಯು ಸಡಿಲಿಸುವ ಇನ್ನೊಂದು ಔಷಧಿ) ಎರಡೂ ಇರುವ ಇನ್ಹೇಲರನ್ನು ಬೇಕಾದಾಗ, ವ್ಯಾಯಾಮಕ್ಕೆ ಮೊದಲೂ ಬಳಸುವ ದಾರಿ ಇದೆ. ನಿಮಗೆ ಯಾವುದು ಸರಿ ಅಂತ ಡಾಕ್ಟರೇ ಹೇಳಬೇಕು. ಹೋಗುವಾಗ ನಿಮ್ಮ ಡೈರಿ ತೆಗೆದುಕೊಂಡು ಹೋಗಿ. ಅದು ಬಂಗಾರ.

ಹಳೇಸೈಕಲ್ · 1ನೇ ವಾರ

ನಾನು ಹೇಳಿದ್ದು ತಪ್ಪು, ವಾಪಸ್ ತೆಗೆದುಕೊಳ್ಳುತ್ತೇನೆ. ಎರಡು ಇನ್ಹೇಲರ್‌ಗೂ ಇಷ್ಟು ವ್ಯತ್ಯಾಸ ಇದೆ ಅಂತ ಗೊತ್ತಿರಲಿಲ್ಲ.

ಗಂಟಲುಗಾರ · 1ನೇ ವಾರ

ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ನಾನು ಎರಡು ವರ್ಷ ಕಳೆದುಕೊಂಡೆ. ಓಡುವಾಗ ಉಸಿರು ಕಟ್ಟುತ್ತಿತ್ತು. ಅಸ್ತಮಾ ಅಂದರು, ಪಂಪ್ ಕೊಟ್ಟರು. ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಬೇರೆ ಡಾಕ್ಟರ್ ಟ್ರೆಡ್‌ಮಿಲ್ ಮೇಲೆ ಓಡಿಸಿ, ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ತೊಂದರೆ ಎದೆಯಲ್ಲಿ ಇರಲಿಲ್ಲ. ಜೋರಾಗಿ ಉಸಿರೆಳೆದಾಗ ಧ್ವನಿಪೆಟ್ಟಿಗೆಯೇ ಅರ್ಧ ಮುಚ್ಚಿಕೊಳ್ಳುತ್ತಿತ್ತು.

ಗುರುತು ಹೇಳುತ್ತೇನೆ. ನನ್ನ ಶಬ್ದ ಉಸಿರು ಒಳಗೆ ಎಳೆಯುವಾಗ ಬರುತ್ತಿತ್ತು, ಅದೂ ಗಂಟಲಿನ ಹತ್ತಿರ. ಅತಿ ವೇಗದಲ್ಲಿದ್ದಾಗ ಹೆಚ್ಚು, ನಿಂತರೆ ಎರಡು ಮೂರು ನಿಮಿಷದಲ್ಲಿ ಮಾಯ. ಅಸ್ತಮಾದ ಸೀಟಿ ಸಾಮಾನ್ಯವಾಗಿ ಉಸಿರು ಬಿಡುವಾಗ. ಅದು ನಿಂತ ಮೇಲೆ ಐದರಿಂದ ಹದಿನೈದು ನಿಮಿಷಕ್ಕೆ ಇನ್ನೂ ಏರುತ್ತದೆ. ಕೆಲವರಿಗೆ ಎರಡೂ ಇರುತ್ತವೆ. ನನಗೆ ಗುಣವಾಗಿದ್ದು ಸ್ಪೀಚ್ ಥೆರಪಿಸ್ಟ್ ಕಲಿಸಿದ ಉಸಿರಾಟದಿಂದ.

ನೀರುಬಾತು · 2ನೇ ವಾರ

ಓಟದ ಮಾತು ನಡೆಯುತ್ತಿದೆ, ಆದರೂ ಈಜಿನ ಬಗ್ಗೆ ಹೇಳದೆ ಇರಲಾರೆ. ಒಳಾಂಗಣ ಕೊಳದಲ್ಲಿ ಮೂಗಿಗೆ ಹೊಡೆಯುವ ವಾಸನೆ ಬರೀ ಕ್ಲೋರಿನ್‌ದಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮಿನ್. ಅದು ನೀರಿನ ಮೇಲೆ, ಸರಿಯಾಗಿ ನಾವು ಬಾಯಿ ತೆರೆಯುವ ಮಟ್ಟದಲ್ಲೇ ನಿಲ್ಲುತ್ತದೆ. ವಾಸನೆ ಜಾಸ್ತಿ ಇದ್ದ ದಿನ ಈಜಿ, ಸಂಜೆ ಓಡಿದರೆ ನನಗೆ ಎದೆ ಬಿಗಿಯುವುದು ಖಂಡಿತ. ಈಗ ಆ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳುವುದಿಲ್ಲ.

ತೆರೆದ ನೀರಿನಲ್ಲಿ ಇನ್ನೊಂದು ಅಪಾಯ ಇದೆ. ತಣ್ಣೀರು, ಎದೆಗೆ ಬಿಗಿಯಾದ ವೆಟ್‌ಸೂಟ್ (ಚಳಿ ತಡೆಯುವ ರಬ್ಬರಿನ ಈಜುಡುಗೆ), ಶುರುವಿನ ಗಡಿಬಿಡಿ. ಇಂಥ ಹೊತ್ತಿನಲ್ಲಿ ಕೆಲವರ ಶ್ವಾಸಕೋಶದೊಳಗೇ ನೀರು ಸೋರಿ ತುಂಬುತ್ತದೆ. ಹೊರಗಿನ ನೀರು ಅಲ್ಲ, ನಮ್ಮ ರಕ್ತನಾಳದಿಂದ ಸೋರಿದ್ದು. ಈಜುತ್ತಾ ಈಜುತ್ತಾ ಏದುಸಿರು, ಗೊರಗೊರ ಕೆಮ್ಮು, ನಸುಗೆಂಪು ನೊರೆಯ ಕಫ ಬಂದರೆ ಅದು ಅಸ್ತಮಾ ಅಂತ ಪಂಪ್ ನಂಬಿಕೊಂಡು ಮುಂದೆ ಹೋಗಬೇಡಿ. ಕೈ ಎತ್ತಿ, ದೋಣಿ ಕರೆಯಿರಿ, ನೀರಿನಿಂದ ಹೊರಗೆ ಬನ್ನಿ. ಬರೀ ಸುಧಾರಿಸಿಕೊಳ್ಳಬೇಕಿದ್ದರೆ ನಿಂತ ದೋಣಿಯನ್ನೋ ದಾರಿ ಗುರುತಿಗೆ ತೇಲಿಬಿಟ್ಟ ಬೋಯ್ ಅನ್ನೋ ಹಿಡಿದುಕೊಳ್ಳಬಹುದು. ಅದನ್ನು ಹಿಡಿದು ಮುಂದೆ ಸಾಗದಿದ್ದರೆ ತಪ್ಪಲ್ಲ.

ನಿಧಾನವಾಗಿ · 2ನೇ ವಾರ

ಇನ್ಹೇಲರ್ ತೆಗೆದುಕೊಂಡು ಸ್ಪರ್ಧಿಸಿದರೆ ಡೋಪಿಂಗ್ ಆಗುವುದಿಲ್ಲವಾ?

ಮೂರನೇಸಲ · 2ನೇ ವಾರ

ಮಿತಿ ಇದೆ. ವಾಡಾ (ವಿಶ್ವ ಡೋಪಿಂಗ್ ತಡೆ ಸಂಸ್ಥೆ) ನಿಯಮದಲ್ಲಿ ಉಸಿರಿನಿಂದ ಎಳೆಯುವ ಸಾಲ್ಬುಟಮಾಲ್ 24 ಗಂಟೆಗೆ 1600 ಮೈಕ್ರೋಗ್ರಾಂ ವರೆಗೆ ಇರಬಹುದು, ಆದರೆ ಯಾವುದೇ 8 ಗಂಟೆಯಲ್ಲಿ 600 ದಾಟಬಾರದು. ಒಂದು ಪಫ್ ಸಾಮಾನ್ಯವಾಗಿ 100 ಮೈಕ್ರೋಗ್ರಾಂ. ಡಾಕ್ಟರ್ ಹೇಳಿದಷ್ಟು ಸ್ಟೀರಾಯ್ಡ್ ಇನ್ಹೇಲರ್‌ಗೆ ತೊಂದರೆ ಇಲ್ಲ. ಆದರೆ ಸಾಲ್ಬುಟಮಾಲ್ ಥರದ್ದೇ ಆದ ಟರ್ಬ್ಯುಟಲೀನ್ ಇನ್ಹೇಲರ್‌ಗೂ, ಸ್ಪರ್ಧೆಯ ಹೊತ್ತಿನಲ್ಲಿ ಪ್ರೆಡ್ನಿಸಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆಗೂ ಅನುಮತಿ ಪತ್ರ ಬೇಕು. ಪ್ರತಿ ವರ್ಷ ಪಟ್ಟಿ ಬದಲಾಗುತ್ತದೆ, ನೋಡಿಕೊಳ್ಳಿ.

ಇದು ಸುಮ್ನೆ ಕಾಗದದ ವಿಷಯ ಅಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ರಿಕ್ ಡಿಮಾಂಟ್ ಅನ್ನುವ 16 ವರ್ಷದ ಅಮೆರಿಕದ ಹುಡುಗ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದ. ಎರಡನೆಯವನಿಗಿಂತ ಸೆಕೆಂಡಿನ ನೂರನೇ ಒಂದು ಭಾಗ ಮುಂದೆ. ಅವನ ಅಸ್ತಮಾ ಮಾತ್ರೆಯಲ್ಲಿ ಎಫಿಡ್ರಿನ್ ಇತ್ತು. ತನ್ನ ಔಷಧಿಯ ಹೆಸರನ್ನು ಅವನು ಮೊದಲೇ ಫಾರಂನಲ್ಲಿ ಬರೆದುಕೊಟ್ಟಿದ್ದ. ಆದರೂ ಪದಕ ಕಿತ್ತುಕೊಂಡರು. ಆ ಕಥೆ ನೆನಪಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಹೇಳುವುದು, ನಿಮ್ಮ ಔಷಧಿಯನ್ನು ನೀವೇ ಪಟ್ಟಿ ಜೊತೆ ಹೋಲಿಸಿ ನೋಡಿ.

ನೀಲಿಪಂಪು · 4ನೇ ವಾರ

ಡಾಕ್ಟರ್ ನೋಡಿ ಎರಡು ವಾರ ಆಯಿತು. ಸ್ಟೀರಾಯ್ಡ್ ಇನ್ಹೇಲರ್ ದಿನಾ ಎರಡು ಹೊತ್ತು, ಮತ್ತೆ ಶುರು. ಪೀಕ್ ಫ್ಲೋ ಮೀಟರ್ ತೆಗೆದುಕೊಂಡೆ, ಜೋರಾಗಿ ಊದಿದರೆ ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಅಂತ ನಿಮಿಷಕ್ಕೆ ಲೀಟರ್ ಲೆಕ್ಕದಲ್ಲಿ ತೋರಿಸುತ್ತದೆ. ನನ್ನ ಹಳೆಯ ಅತಿ ಒಳ್ಳೆ ಅಂಕಿ 430. ಮೊದಲ ದಿನ ಬೆಳಿಗ್ಗೆ ಊದಿದ್ದು 340, ಅಂದರೆ ಶೇಕಡಾ 79. ಶೇಕಡಾ 80ರ ಮೇಲೆ ಹಸಿರು, 50ರಿಂದ 80 ಹಳದಿ, ಅದರ ಕೆಳಗೆ ಕೆಂಪು. ಹಳದಿಯಲ್ಲೇ ನಾನು ಇಷ್ಟು ದಿನ ಇಂಟರ್ವಲ್ (ಬಿಟ್ಟು ಬಿಟ್ಟು ಜೋರು ಓಟ) ಓಡುತ್ತಿದ್ದೆ.

ಅಲ್ಲಿ ನಡೆದದ್ದನ್ನು ಹೇಳಲೇಬೇಕು. ಇನ್ಹೇಲರ್ ಹೇಗೆ ಎಳೆಯುತ್ತೀರಿ ತೋರಿಸಿ ಅಂದರು. ಇಪ್ಪತ್ತೊಂಬತ್ತು ವರ್ಷದಿಂದ ಎಳೆಯುತ್ತಿದ್ದೇನೆ, ಇದೇನು ಪರೀಕ್ಷೆ ಅನಿಸಿತು. ತೋರಿಸಿದೆ. ನಾನು ಮೊದಲು ಉಸಿರೆಳೆದು, ಅರ್ಧ ಆದ ಮೇಲೆ ಒತ್ತುತ್ತಿದ್ದೆ, ತಕ್ಷಣ ಬಿಡುತ್ತಿದ್ದೆ. ಔಷಧಿ ನಾಲಿಗೆ ಮೇಲೇ ಉಳಿಯುತ್ತಿತ್ತು. ಆ ಕಹಿ ರುಚಿ ಔಷಧಿಯ ಗುಣ ಅಂದುಕೊಂಡಿದ್ದೆ! ಈಗ ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಸ್ಪೇಸರ್‌ಗೆ (ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಬಾಯಿ ಹಚ್ಚಿ, ಒತ್ತಿ, ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿಯುತ್ತೇನೆ. ಎರಡನೇ ಪಫ್‌ಗೆ ಮೊದಲು ಅರ್ಧ ನಿಮಿಷ ಕಾಯುತ್ತೇನೆ. ಸ್ಟೀರಾಯ್ಡ್ ಆದರೆ ಬಾಯಿ ಮುಕ್ಕಳಿಸುತ್ತೇನೆ. ಇವತ್ತು ಬೆಳಿಗ್ಗೆ 395.

ದಾದಿಓಟ · 4ನೇ ವಾರ

ಎಷ್ಟು ಖುಷಿಯಾಯಿತು ಓದಿ. ಪುಡಿ ಇನ್ಹೇಲರ್ ಇರುವವರಿಗೆ ಒಂದು ಮಾತು: ಅದರಲ್ಲಿ ಉಲ್ಟಾ, ಜೋರಾಗಿ, ಆಳವಾಗಿ ಎಳೆಯಬೇಕು. ಎರಡನ್ನೂ ಒಂದೇ ಥರ ಎಳೆಯುವವರನ್ನು ದಿನಾ ನೋಡುತ್ತೇನೆ.

ಮತ್ತೆ ಮೈಕೈ ನೋವಿಗೆ ಐಬುಪ್ರೊಫೇನ್ ನುಂಗುವ ಅಭ್ಯಾಸ ಇದ್ದರೆ ಡಾಕ್ಟರ್‌ಗೆ ಹೇಳಿ. ಅಸ್ತಮಾ ಇರುವ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೇನ್ ಜಾತಿಯ ಮಾತ್ರೆಯಿಂದ ಉಬ್ಬಸ ಜೋರಾಗುತ್ತದೆ. ಉದ್ದ ಓಟದ ದಿನ ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನೀಲಿಪಂಪು · 8ನೇ ವಾರ

ವಾರ್ಮ್‌ಅಪ್ ಹಿಡಿದಿದೆ. ಬರೀ ಓಟದಲ್ಲಿ 7 ಕಿ.ಮೀ. ತಲುಪಿದೆ, ಒಂದು ಸಲವೂ ನಿಲ್ಲಲಿಲ್ಲ. ಬೆಳಿಗ್ಗೆ ಅಂಕಿ 410, 415. ನೀಲಿ ಪಂಪ್ ಕಳೆದ ವಾರ ಒಂದೇ ದಿನ ಬೇಕಾಯಿತು.

ಒಂದು ಗೊಂದಲ. ಪಂಪ್ ಎಳೆದ ದಿನ ವಾಚಿನಲ್ಲಿ ಹೃದಯ ಬಡಿತ ಮೊದಲಿನಿಂದಲೇ ಜಾಸ್ತಿ ತೋರಿಸುತ್ತದೆ. ಪ್ಲಾನ್‌ನಲ್ಲಿರುವ ಬಡಿತದ ಮಿತಿಯೊಳಗೇ ಇರಬೇಕು ಅಂದರೆ ಓಟ ಬಿಟ್ಟು ನಡೆಯಬೇಕಾಗುತ್ತದೆ.

ಮೂರನೇಸಲ · 8ನೇ ವಾರ

ಸಾಲ್ಬುಟಮಾಲ್ ಬಡಿತ ಏರಿಸುತ್ತದೆ, ಕೈ ನಡುಗಿಸುತ್ತದೆ. ಆ ದಿನ ವಾಚ್ ಬಿಡಿ, ಮಾತು ನೋಡಿ. ಪೂರ್ತಿ ವಾಕ್ಯ ಬಂದರೆ ನಿಧಾನದ ಓಟ. ಮೂರ್ನಾಲ್ಕು ಪದ ಮಾತ್ರ ಬಂದರೆ ಸ್ಪರ್ಧೆಯ ವೇಗ. ನಿಂತ ಮೇಲೂ ವಾಕ್ಯ ಬರದಿದ್ದರೆ ಅದು ವೇಗ ಅಲ್ಲ, ತೊಂದರೆ.

ಹಳೇಸೈಕಲ್ · 9ನೇ ವಾರ

ಗಾಳಿ ಕೆಟ್ಟ ದಿನ ಏನು ಮಾಡುತ್ತೀರಿ? ಪ್ಲಾನ್‌ನಲ್ಲಿ 12 ಕಿ.ಮೀ. ಇರುತ್ತದೆ, ಹೊರಗೆ ಹೊಗೆ.

ದಾದಿಓಟ · 9ನೇ ವಾರ

ಮನೆಯೊಳಗೆ ಟ್ರೇನರ್ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಸೈಕಲ್, ಇಲ್ಲ ವಿಶ್ರಾಂತಿ. ಇಥಿಯೋಪಿಯಾದ ದೊಡ್ಡ ಓಟಗಾರ ಹೈಲೆ ಗೆಬ್ರೆಸಿಲಾಸಿಗೂ ಅಸ್ತಮಾ ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಗಾಳಿಯ ಮಾಲಿನ್ಯಕ್ಕೆ ಹೆದರಿ ಮ್ಯಾರಥಾನ್ ಬಿಟ್ಟರು, 10,000 ಮೀಟರ್ ಮಾತ್ರ ಓಡಿದರು. ಅಂಥವರೇ ಬಿಟ್ಟಿರುವಾಗ ನಾವು ಒಂದು ಮಂಗಳವಾರದ ಓಟ ಬಿಡಬಹುದು. ಓಝೋನ್ ಬಿಸಿಲು ಏರಿದ ಮೇಲೆ ಹೆಚ್ಚುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆ ಒಳ್ಳೆಯದು. ಚಳಿಗೆ ಮೂಗು ಬಾಯಿ ಮುಚ್ಚುವಂತೆ ತೆಳು ಬಟ್ಟೆ ಸುತ್ತಿಕೊಳ್ಳಿ, ಬಿಟ್ಟ ಉಸಿರಿನ ತೇವ ಅಲ್ಲೇ ನಿಂತು ಮುಂದಿನ ಉಸಿರಿಗೆ ಸಿಗುತ್ತದೆ. ನೆಗಡಿ ಬಂದು ಹೋದ ಮೇಲೂ ಕೆಲವು ವಾರ ಶ್ವಾಸನಾಳ ಸೂಕ್ಷ್ಮವಾಗೇ ಇರುತ್ತದೆ. ಮೂಗು ಸರಿಯಾಯಿತು ಅಂತ ಅದೇ ವಾರ ವೇಗದ ಓಟಕ್ಕೆ ಇಳಿಯಬೇಡಿ.

ನೀರುಬಾತು · 13ನೇ ವಾರ

ಸ್ಪರ್ಧೆಯ ದಿನಕ್ಕೆ: ಒಂದು ಪಂಪ್ ಬದಲಾವಣೆ ಜಾಗದಲ್ಲಿ (ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಹೋಗುವ ಕಡೆ) ಶೂ ಒಳಗೆ, ಇನ್ನೊಂದು ಮೈಮೇಲೆ. ದಾರಿಯಲ್ಲಿ ಗೆಳೆಯರು ಕೈಗೆ ಕೊಟ್ಟರೆ ಹೊರಗಿನ ನೆರವು ಅಂತ ತೊಂದರೆ ಆಗಬಹುದು. ಬಿಸಿಲಲ್ಲಿ ಕಾಯುವ ಕಾರಿನೊಳಗೆ ಪಂಪ್ ಇಡಬೇಡಿ. ಬಹಳ ದಿನ ಬಳಸದೆ ಇದ್ದರೆ ಹೊರಡುವ ಮುಂಚೆ ಗಾಳಿಗೆ ಎರಡು ಸಲ ಒತ್ತಿ ನೋಡಿ. ನಂಬರ್ ಚೀಟಿಯ ಹಿಂದೆ ಅಸ್ತಮಾ, ಔಷಧಿ, ಮನೆಯವರ ಫೋನ್ ಬರೆಯಿರಿ.

ನೀಲಿಪಂಪು · 14ನೇ ವಾರ

ಮುಗಿಸಿದೆ. ಕುಳಿತು ಪೂರ್ತಿ ಬರೆಯುತ್ತಿದ್ದೇನೆ, ಉದ್ದ ಆದರೆ ಕ್ಷಮಿಸಿ.

ಬೆಳಿಗ್ಗೆ ಎದ್ದ ಕೂಡಲೇ ಊದಿದೆ, 420. ಈಜು ಶುರುವಾಗುವುದಕ್ಕೆ 40 ನಿಮಿಷ ಮುಂಚೆ ದಂಡೆಯ ಮೇಲೆ ಓಡಿ ವಾರ್ಮ್‌ಅಪ್ ಮಾಡಿದೆ, ಎಂಟು ಸಲ 30 ಸೆಕೆಂಡು. ಸುತ್ತ ಇದ್ದವರು ಇಷ್ಟು ಬೇಗ ಯಾಕೆ ಅಂತ ನೋಡಿದರು. ಡಾಕ್ಟರ್ ಹೇಳಿದಂತೆ 15 ನಿಮಿಷ ಮೊದಲು ಎರಡು ಪಫ್. ನೀರಿಗೆ ಇಳಿದು, ವೆಟ್‌ಸೂಟಿನ ಕತ್ತು ಹಿಗ್ಗಿಸಿ ಸ್ವಲ್ಪ ನೀರು ಒಳಗೆ ಬಿಟ್ಟುಕೊಂಡೆ. ಎದೆ ಸಡಿಲ ಆಯಿತು. ಎಲ್ಲರೂ ಹೊರಟ ಮೇಲೆ ಹತ್ತು ಎಣಿಸಿ ಹೊರಟೆ, ಬೇರೆಯವರ ಕಾಲಿನ ಒದೆ ತಪ್ಪಿತು.

ಸೈಕಲ್ ಬಗ್ಗೆ ಹೇಳುವುದೇನಿಲ್ಲ, ಎದುರುಗಾಳಿ ಇತ್ತು ಅಷ್ಟೇ.

ಓಟದಲ್ಲಿ 6 ಕಿ.ಮೀ. ವರೆಗೆ ಸರಾಗ. ಆಮೇಲೆ ಒಂದು ಕಡೆ ರಸ್ತೆ ಬದಿ ಹುಲ್ಲು ಕತ್ತರಿಸಿದ್ದರು. ಹಸಿ ವಾಸನೆ ಬಂತು, ಎರಡು ನಿಮಿಷಕ್ಕೆ ಸೀಟಿ. ಹಿಂದೆ ಆಗಿದ್ದರೆ ಹಲ್ಲು ಕಚ್ಚಿ ಓಡುತ್ತಿದ್ದೆ. ಈ ಸಲ ನಿಂತೆ. ಬೆಲ್ಟಿನಿಂದ ಪಂಪ್ ತೆಗೆದೆ, ಒಂದು ಪಫ್, ಅರ್ಧ ನಿಮಿಷ, ಇನ್ನೊಂದು. ಅಲ್ಲಿಗೆ ಆ ದಿನದ ಲೆಕ್ಕ ನಾಲ್ಕು. ಅಲ್ಲಿದ್ದ ಸ್ವಯಂಸೇವಕಿ ಹತ್ತಿರ ಬಂದು ಹೇಗಿದ್ದೀರಿ ಅಂದರು. "ಚೆನ್ನಾಗಿದ್ದೇನೆ, ಅಸ್ತಮಾ ಇದೆ, ಪಂಪ್ ತೆಗೆದುಕೊಂಡೆ, ನಾಲ್ಕು ನಿಮಿಷ ನಡೆಯುತ್ತೇನೆ" ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಹೇಳುವಾಗಲೇ ಗೊತ್ತಾಯಿತು, ಪೂರ್ತಿ ವಾಕ್ಯ ಬಂತು. ನಾಲ್ಕು ನಿಮಿಷ ನಡೆದೆ. ಸೀಟಿ ನಿಂತಿತು. ಉಳಿದ ದೂರ ನಿಧಾನಕ್ಕೆ ಓಡಿದೆ.

ಗೆರೆ ದಾಟಿದ ಮೇಲೆ ಕೂರಲಿಲ್ಲ. ನಿಂತ ಮೇಲೇ ಏರುವುದು ಅಂತ ಗಂಟಲುಗಾರ ಬರೆದದ್ದು ನೆನಪಿತ್ತು. ಪದಕ ಕೈಯಲ್ಲೇ ಹಿಡಿದುಕೊಂಡು ಹತ್ತು ನಿಮಿಷ ಮೆಲ್ಲಗೆ ನಡೆದೆ. ಆಮೇಲೆ ಚೀಲದಿಂದ ಮೀಟರ್ ತೆಗೆದು ಊದಿದೆ. ಮುಗಿದು 15 ನಿಮಿಷಕ್ಕೆ 395. ಡೈರಿಯಲ್ಲಿ ಹಸಿರು ಪೆನ್ನಿನಲ್ಲಿ ಬರೆದಿದ್ದೇನೆ.